ಕಿವಿಗೆ ಕೇಳದ ಡಿಗ್ರಿ

ಹಾಲ್ಕುರಿಕೆ ಕಡೆಯಿಂದ ತಿಪಟೂರಿಗೆ ಕಾಯಿ ಹೊತ್ತು ಬರುವ ಹಳೆಯ ಟರ್ಬೊ ಗಾಡಿಯೊಂದು ಏರಿನಲ್ಲಿ ಏದುಸಿರು ಬಿಡತೊಡಗಿತು ಎನ್ನಿ. ತುರುವೇಕೆರೆ ರಸ್ತೆಯಲ್ಲಾಗಲಿ, ಹುಳಿಯಾರು ರಸ್ತೆಯಲ್ಲಾಗಲಿ, ಬಿ.ಎಚ್. ರಸ್ತೆಯ ಬದಿಯಲ್ಲಾಗಲಿ, ಗ್ಯಾರೇಜಿನಲ್ಲಿ ಸಿಗುವ ಮದ್ದು ಒಂದೇ. ‘ಒಂಚೂರು ಅಡ್ವಾನ್ಸ್ ಇಟ್ಕೊಡ್ತೀನಿ ಬಿಡಣ್ಣ, ಪಿಕಪ್ಪು ಬತ್ತೈತೆ.’ ಮೇಸ್ತ್ರಿ ಪಂಪಿನ ಬೋಲ್ಟು ಸಡಿಲಿಸುತ್ತಾರೆ, ಪಂಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ, ಬೋಲ್ಟು ಬಿಗಿದು ಎಂಜಿನ್ ಶುರುಮಾಡಿ ಕಿವಿಗೊಡುತ್ತಾರೆ. ಸದ್ದು ಮೊಂಡಾಗಿದ್ದರೆ ಇನ್ನಷ್ಟು, ಕರ್ಕಶವಾಗಿದ್ದರೆ ತುಸು ಹಿಂದಕ್ಕೆ. ‘ಈಗ ಕೂತ್ಕಂತು ನೋಡಿ’ ಎಂದು ಹೇಳಿದ ಮೇಲೆ ಅದೇ ತೀರ್ಪು. ಅದನ್ನು ಯಾರೂ ಅಳೆದು ನೋಡುವುದಿಲ್ಲ. ಅಳೆಯಬೇಕು ಎಂದವನು ಅನುಭವವಿಲ್ಲದ ಪುಸ್ತಕದ ಹುಳು ಅನ್ನಿಸಿಕೊಳ್ಳುತ್ತಾನೆ.

ಈ ನಂಬಿಕೆ ಮೇಸ್ತ್ರಿಗಳದ್ದು ಮಾತ್ರವಲ್ಲ. ಡ್ರೈವರ್‌ಗಳದ್ದು, ಗಾಡಿ ಮಾಲೀಕರದ್ದು, ಟೀ ಅಂಗಡಿಯಲ್ಲಿ ಕೂತು ಎಂಜಿನ್ನಿನ ಆರೋಗ್ಯ ಹೇಳುವ ಹಿರಿಯರದ್ದೂ ಹೌದು. ಟೈಮಿಂಗ್ ಎಂದರೆ ಪಳಗಿದ ಕಿವಿಯ ಕೆಲಸ, ಸ್ವಲ್ಪ ಮುಂದಿಟ್ಟರೆ ಗಾಡಿ ಎಳೆಯುತ್ತದೆ, ಕಂಪನಿಯ ಡಿಗ್ರಿ ಶೋರೂಮಿನವರಿಗೆ ಎಂಬ ಈ ಮೂರು ಮಾತು ನಮ್ಮಲ್ಲಿ ಪ್ರಶ್ನೆಯಿಲ್ಲದೆ ಓಡುತ್ತಿವೆ. ಟರ್ಬೊ ಎಂಜಿನ್ನಿನ ಮಟ್ಟಿಗೆ ಮೂರೂ ತಪ್ಪು. ಈ ತಪ್ಪಿಗೆ ತೆರುವ ಬೆಲೆ ಚಿಕ್ಕದಲ್ಲ. ಸುಟ್ಟ ಹೆಡ್ ಗ್ಯಾಸ್ಕೆಟ್ಟಿನಲ್ಲಿ, ಬಿರಿದ ಪಿಸ್ಟನ್ನಿನಲ್ಲಿ, ಸವೆದ ಬೇರಿಂಗಿನಲ್ಲಿ ಅದನ್ನು ತೆರುವವರು ಒಂದೇ ಗಾಡಿಯ ಮೇಲೆ ಸಾಲ ಮಾಡಿ ಬದುಕುವ ಜನ.

ನಾನು ಹೇಳುತ್ತಿರುವುದು ಇಂದಿನ ಕಾಮನ್ ರೈಲ್ ಗಾಡಿಗಳ ಮಾತಲ್ಲ. ಅವುಗಳಲ್ಲಿ ಯಾವ ಕ್ಷಣಕ್ಕೆ ಡೀಸೆಲ್ ಚಿಮ್ಮಬೇಕೆಂದು ಕಂಪ್ಯೂಟರ್ ತೀರ್ಮಾನಿಸುತ್ತದೆ, ಪಂಪನ್ನು ತಿರುಗಿಸಿ ಯಾರೂ ಏನೂ ಕೆಡಿಸಲಾರರು. ನನ್ನ ಮಾತು ಅದಕ್ಕೆ ಹಿಂದಿನ ತಲೆಮಾರಿನದು. ಮುಂಭಾಗದಲ್ಲಿ ದೊಡ್ಡದಾಗಿ ‘ಟರ್ಬೊ’ ಎಂದು ಬರೆಸಿಕೊಂಡ ಟಾಟಾ ಲಾರಿಗಳು, 407ರ ಟರ್ಬೊ ಮಾದರಿ, ಟರ್ಬೊ ಬಂದ ಮೇಲಿನ ಸುಮೊ, ಬೊಲೆರೊ, 1998ರಲ್ಲಿ ರಸ್ತೆಗಿಳಿದ ಸಫಾರಿ. ಪಟ್ಟಣದವರು ಇವನ್ನು ಮಾರಿ ಎಷ್ಟೋ ಕಾಲವಾಯಿತು. ಕಲ್ಪತರು ನಾಡಿನಲ್ಲಿ ಇವು ಇನ್ನೂ ದುಡಿಯುತ್ತಿವೆ. ತೋಟದಿಂದ ಕಾಯಿ, ಅಟ್ಟದಿಂದ ಉಂಡೆ ಕೊಬ್ಬರಿ, ತಿಪಟೂರಿನ ಮಾರುಕಟ್ಟೆಯಿಂದ ಹುಳಿಯಾರು, ಹಿರಿಯೂರು ದಾಟಿ ಉತ್ತರ ಭಾರತದ ಕಡೆಗೆ ಮೂಟೆ. ಇವುಗಳ ಪಂಪು ಯಂತ್ರದ ಪಂಪು, ಕೈಯಲ್ಲಿ ಕೂರಿಸಬೇಕಾದ ಪಂಪು. ಅದರಲ್ಲಿ ಬಹುಪಾಲು ನಮ್ಮದೇ ರಾಜ್ಯದ ಸರಕು. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಈ ಪಂಪುಗಳನ್ನು ಮಾಡಿ ದೇಶಕ್ಕೆಲ್ಲ ಕೊಟ್ಟಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು, ಗ್ಯಾರೇಜಿನಲ್ಲಿ ಮಾತ್ರ ಅದು ಇವತ್ತಿಗೂ ಮೈಕೋ ಪಂಪೇ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಪ್ಲಂಜರ್ ಉಜ್ಜಿ ಕೂರಿಸಿದ ಪಂಪನ್ನು ನೂರೈವತ್ತು ಕಿಲೋಮೀಟರ್ ಆಚೆ ಕಣ್ಣಳತೆಯಲ್ಲಿ ಎಂಜಿನ್ನಿಗೆ ಬಿಗಿಯುತ್ತೇವೆ ಎಂದರೆ ಆ ನಯಗೆಲಸವನ್ನೆಲ್ಲ ಮಣ್ಣುಪಾಲು ಮಾಡಿದಂತೆ.

ಕಿವಿಯ ಮೇಲಿನ ನಂಬಿಕೆ ಎಲ್ಲಿಂದ ಬಂತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ನಮ್ಮ ಹಿರಿಯ ಮೇಸ್ತ್ರಿಗಳು ಕೈ ಪಳಗಿಸಿಕೊಂಡದ್ದು ಅಂಬಾಸಡರ್ ಮತ್ತು ಫಿಯಟ್ ಪೆಟ್ರೋಲ್ ಕಾರುಗಳ ಮೇಲೆ. ಅಲ್ಲಿ ಸ್ಪಾರ್ಕ್ ಹಂಚುವ ಡೆಲ್ಕೊ ತಿರುಗಿಸಿ, ಪಾಯಿಂಟ್ ಸೆಟ್ ಮಾಡಿ, ಟಾಪ್ ಗೇರಿನಲ್ಲಿ ಏರು ಹತ್ತಿಸಿ, ಟಣಟಣ ಎಂದು ಸಣ್ಣಗೆ ನಾಕಿಂಗ್ ಕೇಳಿದ ಕೂಡಲೇ ತುಸು ಹಿಂದಕ್ಕೆ ತಂದು ಬಿಗಿಯುವುದು ಒಳ್ಳೆಯ ಪದ್ಧತಿಯೇ ಆಗಿತ್ತು. ಕಂಪ್ರೆಷನ್ ಕಡಿಮೆ, ಟರ್ಬೊ ಇಲ್ಲ, ಎಂಜಿನ್ನಿಗೆ ತಾಳಿಕೆ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ, ಮೇಸ್ತ್ರಿ ಕೇಳುತ್ತಿದ್ದದ್ದು ಲೋಡಿನಲ್ಲಿ ಓಡುತ್ತಿದ್ದ ಎಂಜಿನ್ನನ್ನು, ಕೆಡುಕು ಆಗುವ ಜಾಗದಲ್ಲೇ ಆಗುತ್ತಿದ್ದ ಸದ್ದನ್ನು. ಅಟ್ಟದ ಮೇಲೆ ಹನ್ನೊಂದು ಹನ್ನೆರಡು ತಿಂಗಳು ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಗಿಟಕಾಗಿದೆಯೇ ಎಂದು ಹೇಳುವ ನಮ್ಮ ರೈತರು ತಪ್ಪುವುದಿಲ್ಲ. ಚಿಪ್ಪಿನೊಳಗೆ ಗಿಟಕು ಬಿಟ್ಟುಕೊಂಡಿರುವುದೇ ಆ ಸದ್ದು. ಕೇಳುವುದೂ ತಿಳಿಯಬೇಕಾದದ್ದೂ ಒಂದೇ ಆದಲ್ಲಿ ಕಿವಿಯನ್ನು ನಂಬಬಹುದು. ನಿಂತಲ್ಲೇ ಐಡ್ಲಿಂಗಿನಲ್ಲಿ ಗುಡುಗುಡಿಸುವ ಟರ್ಬೊ ಡೀಸೆಲ್ಲಿನಲ್ಲಿ ಕೇಳುವುದೇ ಬೇರೆ, ತಿಳಿಯಬೇಕಾದದ್ದೇ ಬೇರೆ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಇಲ್ಲ. ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತಿ ಕಾಯಿಸುತ್ತದೆ, ಆ ಕಾದ ಗಾಳಿಗೆ ಡೀಸೆಲ್ ಚಿಮ್ಮಿದಾಗ ತಾನಾಗಿ ಹೊತ್ತಿಕೊಳ್ಳುತ್ತದೆ. ಚಿಮ್ಮಿದ ತಕ್ಷಣ ಹೊತ್ತುವುದಿಲ್ಲ. ಹನಿ ಒಡೆದು, ಆವಿಯಾಗಿ, ಗಾಳಿಯಲ್ಲಿ ಬೆರೆತು ಉರಿ ಹಿಡಿಯಲು ಮಿಲಿಸೆಕೆಂಡಿನ ಆಸುಪಾಸಿನ ಕಾಲ ಬೇಕು. ಅಷ್ಟರಲ್ಲಿ ಕ್ರ್ಯಾಂಕ್ ತಿರುಗುತ್ತಲೇ ಇರುತ್ತದೆ. 2000 ಆರ್‌ಪಿಎಮ್‌ನಲ್ಲಿ ಒಂದು ಮಿಲಿಸೆಕೆಂಡಿಗೆ 12 ಡಿಗ್ರಿ ತಿರುಗುತ್ತದೆ. ಹಾಗಾಗಿ ಪಿಸ್ಟನ್ ತುದಿ ಮುಟ್ಟುವ ಮೊದಲೇ, ಟಿಡಿಸಿ ಎನ್ನುವ ಆ ತುದಿಗೆ ಇಂತಿಷ್ಟು ಡಿಗ್ರಿ ಮುಂಚೆ, ಪಂಪು ಡೀಸೆಲ್ ಒತ್ತಲು ಶುರುಮಾಡಬೇಕು. ಉರಿಯ ಒತ್ತಡ ಶಿಖರ ಮುಟ್ಟುವುದು ಪಿಸ್ಟನ್ ತುದಿ ದಾಟಿ ಕೆಳಗಿಳಿಯತೊಡಗಿದ ಮೇಲೆ ಆಗಬೇಕು. ಆಗ ಮಾತ್ರ ಆ ಒತ್ತಡ ಕ್ರ್ಯಾಂಕನ್ನು ತಿರುಗಿಸುತ್ತದೆ. ಮೊದಲೇ ಆದರೆ ಮೇಲೇರುತ್ತಿರುವ ಪಿಸ್ಟನ್ನಿನ ತಲೆಗೆ ಬಡಿಯುತ್ತದೆ. ಈ ಲೆಕ್ಕವೆಲ್ಲ ನಿಂತಿರುವುದು ಪಂಪನ್ನು ಎಂಜಿನ್ನಿಗೆ ಕೂರಿಸುವಾಗ ಇಟ್ಟ ಡಿಗ್ರಿಯ, ಅಂದರೆ ಬೇಸ್ ಟೈಮಿಂಗಿನ ಮೇಲೆ. ವೇಗ ಏರಿದಂತೆ ಟೈಮಿಂಗ್ ಮುಂದಕ್ಕೆ ಸರಿಸುವ ಅಡ್ವಾನ್ಸರ್ ಅನೇಕ ಪಂಪುಗಳಲ್ಲಿ ಇದೆ, ಅದು ಎಣಿಸುವುದೂ ಈ ಬೇಸಿನಿಂದಲೇ. ಬೇಸನ್ನು ನಾಲ್ಕು ಡಿಗ್ರಿ ಮುಂದಿಟ್ಟರೆ ಎಲ್ಲ ವೇಗದಲ್ಲೂ, ಎಲ್ಲ ಲೋಡಿನಲ್ಲೂ ಆ ನಾಲ್ಕು ಡಿಗ್ರಿ ಹಿಂಬಾಲಿಸುತ್ತದೆ.

ಟರ್ಬೊ ಇಲ್ಲಿ ಏನು ಬದಲಿಸಿತು ಎಂಬುದೇ ಈ ವಿವಾದದ ತಿರುಳು. ಹೊರಹೋಗುವ ಹೊಗೆಯ ಬಲದಿಂದ ಗಾಳಿ ತುಂಬುವ ಉಪಾಯಕ್ಕೆ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬೂಕಿ ಪೇಟೆಂಟ್ ಪಡೆದದ್ದು 1905ರಲ್ಲಿ. ನಮ್ಮ ಕಡೆಯ ಗಾಡಿಗಳಲ್ಲಿ ಅದು ಮಾಮೂಲಿಯಾದದ್ದು ಸುಮಾರು ತೊಂಬತ್ತರ ದಶಕದಿಂದೀಚೆಗೆ. ಟರ್ಬೊ ಗಾಳಿಯನ್ನು ಒತ್ತುವುದಷ್ಟೇ ಅಲ್ಲ, ಒತ್ತುತ್ತಲೇ ಕಾಯಿಸುತ್ತದೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಬಿಸಿಲಿದೆ, ಎಂಜಿನ್ನಿನ ಕಂಪ್ರೆಷನ್ 17ಕ್ಕೆ 1 ಎಂದುಕೊಳ್ಳಿ. ಟರ್ಬೊ ಇಲ್ಲದಿದ್ದರೆ ಟಿಡಿಸಿಯ ಹತ್ತಿರ ಗಾಳಿಯ ಬಿಸಿ ಲೆಕ್ಕದ ಪ್ರಕಾರ ಸುಮಾರು 540 ಡಿಗ್ರಿ. ಟರ್ಬೊ ಗಾಳಿಯ ಒತ್ತಡವನ್ನು 1.8 ಪಟ್ಟು ಏರಿಸಿತು, ಇಂಟರ್‌ಕೂಲರ್ ಇಲ್ಲ ಎಂದರೆ ಸಿಲಿಂಡರಿಗೆ ಇಳಿಯುವಾಗಲೇ ಗಾಳಿ 100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ತುದಿಯಲ್ಲಿ 700 ದಾಟುತ್ತದೆ. ಇಂಟರ್‌ಕೂಲರ್ ಇದ್ದರೆ ಬಿಸಿ ಇಳಿಯುತ್ತದೆ, ಆದರೆ ಒತ್ತಡ ಉಳಿಯುತ್ತದೆ. ಅಷ್ಟು ಬಿಸಿಯಾದ, ಅಷ್ಟು ದಟ್ಟವಾದ ಗಾಳಿಗೆ ಬಿದ್ದ ಡೀಸೆಲ್ ಬೇಗ ಹೊತ್ತುತ್ತದೆ. ಕಾಯುವ ಕಾಲ ಕಡಿಮೆಯಾದ ಮೇಲೆ ಅಷ್ಟು ಮುಂಚೆ ಚಿಮ್ಮಿಸುವ ಅಗತ್ಯವೂ ಇಲ್ಲ. ಸಿಲಿಂಡರಿನ ಶಿಖರ ಒತ್ತಡವನ್ನು ಹೆಡ್ಡೂ ಗ್ಯಾಸ್ಕೆಟ್ಟೂ ತಾಳುವ ಮಿತಿಯಲ್ಲಿಡಲು, ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸಲು ಕೂಡ ಕಂಪನಿಗಳು ಟರ್ಬೊ ಎಂಜಿನ್ನಿನ ಟೈಮಿಂಗನ್ನು ಸಾಮಾನ್ಯವಾಗಿ ಹಿಂದಕ್ಕೇ ಇಟ್ಟವು. 2000ದಲ್ಲಿ ದೇಶದಾದ್ಯಂತ ಮಾಲಿನ್ಯದ ನಿಯಮ ಬಿಗಿಯಾದ ಮೇಲಂತೂ ಇದು ಇನ್ನೂ ಹೆಚ್ಚಿತು. ಟರ್ಬೊ ಇಲ್ಲದ ಅಣ್ಣನ ಡಿಗ್ರಿಯನ್ನೇ ಟರ್ಬೊ ಇರುವ ತಮ್ಮನಿಗೂ ಇಡುವವರು ಈ ವ್ಯತ್ಯಾಸವನ್ನೇ ಅಳಿಸಿಬಿಡುತ್ತಾರೆ. ‘ಎರಡೂ ಒಂದೇ ಎಂಜಿನ್ ಕಣಣ್ಣ, ಮೇಲೊಂದು ಟರ್ಬೊ ಕೂರಿಸವ್ರೆ ಅಷ್ಟೇ’ ಎಂಬ ಮಾತಿನಲ್ಲಿರುವ ತಪ್ಪು ಆ ‘ಅಷ್ಟೇ’ಯಲ್ಲಿದೆ.

ಗ್ಯಾರೇಜಿನಲ್ಲಿ ಐಡ್ಲಿಂಗಿನಲ್ಲಿ ನಿಂತಾಗ ಟರ್ಬೊ ಇದ್ದೂ ಇಲ್ಲದಂತೆ. ಹೊಗೆಗೆ ಬಲವಿಲ್ಲ, ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಶೂನ್ಯದ ಹತ್ತಿರ. ಆ ಹೊತ್ತಿಗೆ ಅದು ಬರೀ ಸಾದಾ ಎಂಜಿನ್ನು, ಅದರಲ್ಲೂ ಕಂಪ್ರೆಷನ್ ತುಸು ತಗ್ಗಿಸಿದ ಸಾದಾ ಎಂಜಿನ್ನು. ಡೀಸೆಲ್ ಹೊತ್ತಲು ತಡ, ಸದ್ದು ಮೊಂಡು. ಕಿವಿಗೆ ‘ಹಿಂದಿದೆ, ಇನ್ನೂ ಮುಂದಿಡು’ ಅನ್ನಿಸುವುದು ಸಹಜ. ಮುಂದಿಟ್ಟರೆ ಸದ್ದು ಕಡಕ್ಕಾಗುತ್ತದೆ, ಕಿವಿ ಮೆಚ್ಚುತ್ತದೆ. ಅದೇ ಗಾಡಿ ಮಂಗಳೂರಿನಿಂದ ಲೋಡು ತುಂಬಿಕೊಂಡು ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಹತ್ತುವಾಗ ಟರ್ಬೊ ಪೂರ್ತಿ ತುಂಬಿರುತ್ತದೆ, ಪಂಪಿನ ಮೇಲಿನ ಬೂಸ್ಟ್ ಡಯಾಫ್ರಮ್ ಹೆಚ್ಚು ಡೀಸೆಲ್ ಕೊಡಿಸುತ್ತಿರುತ್ತದೆ, ಗಾಳಿ ಉರಿಯುವಷ್ಟು ಬಿಸಿಯಾಗಿರುತ್ತದೆ. ಅಲ್ಲಿ ಆ ಮುಂದಿಟ್ಟ ಡಿಗ್ರಿ ಏನು ಮಾಡುತ್ತಿದೆ ಎಂದು ಕೇಳಲು ಬಾನೆಟ್ಟಿನ ಮೇಲೆ ಕಿವಿಯಿಟ್ಟವರು ಯಾರೂ ಇಲ್ಲ. ಇದ್ದರೂ ಆ ಗದ್ದಲದಲ್ಲಿ ಕೇಳುವುದಿಲ್ಲ.

ಕಿವಿ ಎಷ್ಟು ಸೂಕ್ಷ್ಮ ಎಂದೇ ವಾದಿಸಲಿ, 750 ಆರ್‌ಪಿಎಮ್‌ನ ಐಡ್ಲಿಂಗಿನಲ್ಲಿ ಎರಡು ಡಿಗ್ರಿಯೆಂದರೆ ಅರ್ಧ ಮಿಲಿಸೆಕೆಂಡಿಗೂ ಕಡಿಮೆ. ಕಿವಿ ಆ ಕಾಲವನ್ನು ಅಳೆಯುವುದಿಲ್ಲ, ಸದ್ದಿನ ಬಣ್ಣ ಬದಲಾದದ್ದನ್ನು ಮಾತ್ರ ಗುರುತಿಸುತ್ತದೆ. ಸದ್ದಿನ ಬಣ್ಣವೋ ಟ್ಯಾಪೆಟ್ ಸಡಿಲವಾದರೆ ಬದಲಾಗುತ್ತದೆ, ನಾಜಲ್ ಒತ್ತಡ ಇಳಿದರೆ ಬದಲಾಗುತ್ತದೆ, ಎಂಜಿನ್ ತಣ್ಣಗಿದ್ದರೆ ಒಂದು, ಕಾದಿದ್ದರೆ ಇನ್ನೊಂದು. ಇಷ್ಟೆಲ್ಲ ಕಾರಣಗಳಿಂದ ಬರುವ ಸದ್ದನ್ನು ಟೈಮಿಂಗಿನ ಲೆಕ್ಕಕ್ಕೆ ಜಮಾ ಮಾಡುವುದು ಜ್ವರಕ್ಕೆಲ್ಲ ವೈದ್ಯ ಒಂದೇ ಔಷಧ ಬರೆದಂತೆ. ಕಣ್ಣಳತೆಯಾದರೂ ನೆಚ್ಚಬಹುದೇ? ಪಂಪು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ, ಹಾಗಾಗಿ ಪಂಪಿನಲ್ಲಿ ಒಂದು ಡಿಗ್ರಿಯೆಂದರೆ ಕ್ರ್ಯಾಂಕಿನಲ್ಲಿ ಎರಡು. ಮಾರ್ಕ್ ಗೆರೆಯು ಪಂಪಿನ ನಡುವಿನಿಂದ 50 ಮಿಲಿಮೀಟರ್ ದೂರದಲ್ಲಿದ್ದರೆ, ಆ ಗೆರೆ ಬರೀ ಒಂದು ಮಿಲಿಮೀಟರ್ ಸರಿದರೂ ಕ್ರ್ಯಾಂಕಿನ ಲೆಕ್ಕದಲ್ಲಿ ಎರಡೂ ಕಾಲು ಡಿಗ್ರಿ ಸರಿದಂತೆ. ಗ್ರೀಸ್ ಮೆತ್ತಿದ, ಉಳಿಯಿಂದ ಹೊಡೆದ ಗೆರೆಯ ದಪ್ಪವೇ ಒಂದು ಮಿಲಿಮೀಟರ್ ಇರುತ್ತದೆ.

ಮುಂದಿಟ್ಟರೆ ಎಳೆಯುತ್ತದೆ ಎಂಬುದರಲ್ಲಿ ನಿಜವಿಲ್ಲವೇ? ಇದೆ. ಅದನ್ನು ಬಚ್ಚಿಟ್ಟು ವಾದ ಮಾಡಲಾರೆ. ಕಂಪನಿ ಇಟ್ಟ ಡಿಗ್ರಿ ಎಂಜಿನ್ನಿನ ಶಕ್ತಿಯ ಕೊನೆಯ ಹನಿಯನ್ನು ಹಿಂಡುವುದಕ್ಕೆ ಇಟ್ಟದ್ದಲ್ಲ. ಒಂದೆರಡು ಡಿಗ್ರಿ ಮುಂದಿಟ್ಟರೆ ಕಡಿಮೆ ಲೋಡಿನಲ್ಲಿ, ಸಮತಟ್ಟು ರಸ್ತೆಯಲ್ಲಿ ಗಾಡಿ ಚುರುಕಾಗಬಹುದು, ಮೈಲೇಜೂ ತುಸು ಹೆಚ್ಚಬಹುದು. ಟೆಸ್ಟ್ ಡ್ರೈವಿಗೆ ಖಾಲಿ ಗಾಡಿಯನ್ನು ಬಿ.ಎಚ್. ರಸ್ತೆಯಲ್ಲಿ ಓಡಿಸಿ ‘ನೋಡಿ, ಹೆಂಗೈತೆ’ ಎಂದು ತೋರಿಸುವವರು ಸುಳ್ಳು ತೋರಿಸುತ್ತಿಲ್ಲ. ಆದರೆ ಈ ಲಾಭ ಬರುವುದು ಶಿಖರ ಒತ್ತಡವನ್ನು ಏರಿಸಿ. ಬೂಸ್ಟ್ ತುಂಬಿದಾಗ ಆ ಒತ್ತಡ ಹೆಡ್ಡನ್ನು ಬ್ಲಾಕಿನಿಂದ ಎತ್ತಲು ನೋಡುತ್ತದೆ, ಬೋಲ್ಟುಗಳನ್ನು ಎಳೆಯುತ್ತದೆ, ಗ್ಯಾಸ್ಕೆಟ್ಟನ್ನು ಪ್ರತಿ ಸುತ್ತಿಗೂ ಕೊರೆಯುತ್ತದೆ, ಪಿಸ್ಟನ್ ತಲೆಯ ಅಂಚನ್ನು ಕಾಯಿಸಿ ಬಿರಿಸುತ್ತದೆ, ಕನೆಕ್ಟಿಂಗ್ ರಾಡಿನ ಬೇರಿಂಗನ್ನು ಬಡಿಯುತ್ತದೆ. ಇದು ಅಂದೇ ಆಗುವುದಿಲ್ಲ. ತಿಂಗಳುಗಳ ಮೇಲೆ ಆಗುತ್ತದೆ. ಅಷ್ಟು ಹೊತ್ತಿಗೆ ಟೈಮಿಂಗ್ ಇಟ್ಟ ದಿನ ಯಾರ ನೆನಪಿನಲ್ಲೂ ಇರುವುದಿಲ್ಲ. ‘ಗ್ಯಾಸ್ಕೆಟ್ಟು ಡೂಪ್ಲಿಕೇಟು’, ‘ಡ್ರೈವರ್ ನೀರು ನೋಡ್ಲಿಲ್ಲ’, ‘ಟರ್ಬೊ ಗಾಡಿಗಳ ಹಣೆಬರಹವೇ ಇಷ್ಟು’ ಎಂದು ಕಾರಣಗಳು ಬೇರೆ ಬೇರೆಯವರ ಮೇಲೆ ಹೋಗುತ್ತವೆ. ಲಾಭ ಮೊದಲ ದಿನವೇ ಕೈಗೆ ಬರುತ್ತದೆ, ನಷ್ಟ ಬೇರೊಬ್ಬರ ಹೆಸರಿನಲ್ಲಿ ತಡವಾಗಿ ಬರುತ್ತದೆ. ಈ ತಪ್ಪು ನಂಬಿಕೆ ಇಷ್ಟು ಕಾಲ ಬಾಳಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಹಾಗೆಂದು ಹಿಂದಿಟ್ಟರೂ ಕ್ಷೇಮವಲ್ಲ. ಉರಿ ತಡವಾದರೆ ಅದು ಪಿಸ್ಟನ್ನಿಗೆ ಕೆಲಸ ಮಾಡುವ ಬದಲು ಎಕ್ಸಾಸ್ಟಿಗೆ ಹರಿಯುತ್ತದೆ, ಟರ್ಬೊದ ಬಿಸಿ ಬದಿಯನ್ನು ಸುಡುತ್ತದೆ, ಕಪ್ಪು ಹೊಗೆ ಬರುತ್ತದೆ, ಮಸಿ ಆಯಿಲಿಗೆ ಇಳಿಯುತ್ತದೆ. ‘ಸೇಫಾಗಿ ಸ್ವಲ್ಪ ಹಿಂದೆ ಇಡಿ’ ಎನ್ನುವ ಎಚ್ಚರಿಕೆಯ ಮಾಲೀಕರೂ ಅಳತೆಯಿಂದ ತಪ್ಪಿಸಿಕೊಳ್ಳಲಾರರು.

ಪೆಟ್ರೋಲ್ ಟರ್ಬೊದಲ್ಲಿ ಈ ಮಾತು ಇನ್ನೂ ಕಟುವಾಗಿ ಸಾಬೀತಾಗಿದೆ. ನಮ್ಮ ಕಡೆ ಹಳೆಯ ಪೆಟ್ರೋಲ್ ಟರ್ಬೊ ಕಾರುಗಳು ಅಪರೂಪ, ಆದರೆ ಅವುಗಳ ಚರಿತ್ರೆಯಿಂದ ಕಲಿಯುವುದಿದೆ. 1970ರ ದಶಕದ ಕೊನೆಯಲ್ಲಿ 99 ಟರ್ಬೊ ಕಾರನ್ನು ಹೊರತಂದ ಸ್ವೀಡನ್ನಿನ ಸಾಬ್ ಕಂಪನಿ, ಅದಾದ ಕೆಲವೇ ವರ್ಷಗಳಲ್ಲಿ ಎಂಜಿನ್ ಬ್ಲಾಕಿಗೆ ನಾಕ್ ಸೆನ್ಸರ್ ಕೂರಿಸಿ, ನಾಕಿಂಗ್ ಶುರುವಾದ ಕೂಡಲೇ ಟರ್ಬೊ ಒತ್ತಡವನ್ನು ತಾನೇ ಇಳಿಸುವ ಎಪಿಸಿ ವ್ಯವಸ್ಥೆಯನ್ನು ತಂದಿತು. ಡ್ರೈವರನ ಕಿವಿ ಸಾಕಾಗಿದ್ದರೆ ಆ ಖರ್ಚು ಬೇಕಿರಲಿಲ್ಲ. ಬೂಸ್ಟಿನಲ್ಲಿ ನಾಕಿಂಗ್ ಕೇಳಿಸುವ ಹೊತ್ತಿಗೆ ಪಿಸ್ಟನ್ನಿಗೆ ಆಗಬೇಕಾದ ಕೆಡುಕು ಆಗಿರಬಹುದು ಎಂಬುದನ್ನು ಅವರು ಅರಿತಿದ್ದರು. ಸೆಲಿಕಾ, ಎಂಆರ್2 ಕಾರುಗಳಲ್ಲಿದ್ದ ಟೊಯೊಟಾದ 3ಎಸ್-ಜಿಟಿಇ ಟರ್ಬೊ ಎಂಜಿನ್ನಿನಲ್ಲಿ ಬೇಸ್ ಇಗ್ನಿಷನ್ ಟೈಮಿಂಗ್ ಟಿಡಿಸಿಗೆ 10 ಡಿಗ್ರಿ ಮುಂಚೆ. ಅದನ್ನು ನೋಡುವ ಮೊದಲು ಎಂಜಿನ್ ಪೂರ್ತಿ ಕಾಯಬೇಕು, ಡಯಾಗ್ನೋಸ್ಟಿಕ್ ಡಬ್ಬಿಯಲ್ಲಿ ಟಿಇ1 ಮತ್ತು ಇ1 ಎಂಬ ಎರಡು ಕಿಂಡಿಗಳನ್ನು ತಂತಿಯಿಂದ ಸೇರಿಸಬೇಕು. ಸೇರಿಸದಿದ್ದರೆ ಕಂಪ್ಯೂಟರ್ ತನ್ನ ಪಾಡಿಗೆ ಸ್ಪಾರ್ಕನ್ನು ಹಿಂದೆ ಮುಂದೆ ಸರಿಸುತ್ತಿರುತ್ತದೆ, ಟೈಮಿಂಗ್ ಲೈಟಿನಲ್ಲಿ ಕಾಣುವ ಅಂಕಿ ಬೇಸ್ ಅಲ್ಲವೇ ಅಲ್ಲ. ಬೇಸ್ ನೋಡಬೇಕಾದರೆ ಅದರ ಮೇಲೆ ಕೂತ ಎಲ್ಲ ಅಡ್ವಾನ್ಸನ್ನೂ ಮೊದಲು ಸುಮ್ಮನಾಗಿಸಬೇಕು. ಡೀಸೆಲ್ಲಿಗೂ ಇದೇ ನಿಯಮ. ಜೀಪು, ಕಾರುಗಳ ವಿಇ ರೋಟರಿ ಪಂಪುಗಳಲ್ಲಿ ಬೆಳಗಿನ ಚಳಿಗೆ ಟೈಮಿಂಗ್ ಮುಂದೂಡುವ ಕೋಲ್ಡ್ ಸ್ಟಾರ್ಟ್ ಲಿವರ್ ಇರುತ್ತದೆ. ಅದನ್ನು ಬಿಡಿಸದೆ ಟೈಮಿಂಗ್ ಕೂರಿಸಿದರೆ ಇಟ್ಟ ಅಳತೆಯೇ ಸುಳ್ಳು.

ನಮ್ಮ ಹೊಗೆ ತಪಾಸಣೆಯೂ ಈ ತಪ್ಪು ಪದ್ಧತಿಗೆ ನೀರೆರೆಯುತ್ತಿದೆ, ಇದನ್ನು ಹೇಳದೆ ಬಿಡಲಾಗದು. ಈ ತಲೆಮಾರಿನ ಡೀಸೆಲ್ ಗಾಡಿಗೆ ಸರ್ಟಿಫಿಕೇಟ್ ಕೊಡುವಾಗ ನಿಂತಲ್ಲೇ ಎಕ್ಸಲೇಟರ್ ಒತ್ತಿಸಿ ಹೊಗೆ ಎಷ್ಟು ದಟ್ಟ ಎಂದು ಅಳೆಯುತ್ತಾರೆ, ಹೊಗೆಯ ದಟ್ಟಣೆಯ ಅಳತೆಯಾದ ಎಚ್‌ಎಸ್‌ಯುನಲ್ಲಿ 65 ಮಿತಿ. ಕಣ್ಣಿಗೆ ಕಾಣುವ ಮಸಿ ಮಾತ್ರ ಈ ಲೆಕ್ಕಕ್ಕೆ ಬರುತ್ತದೆ. ಟೈಮಿಂಗ್ ಮುಂದಿಟ್ಟರೆ ಮಸಿ ಸಾಮಾನ್ಯವಾಗಿ ಇಳಿಯುತ್ತದೆ, ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡು ಏರುತ್ತದೆ. ಅದನ್ನು ಅಳೆಯುವ ಯಂತ್ರ ಆ ತಪಾಸಣೆಯ ಗೂಡಂಗಡಿಯಲ್ಲಿ ಇಲ್ಲ. ಹೀಗಾಗಿ ನಾಜಲ್ ಬದಲಿಸಿ, ಏರ್ ಫಿಲ್ಟರ್ ಶುದ್ಧಮಾಡಿ ಹೊಗೆ ಇಳಿಸಬೇಕಾದವನು ಪಂಪು ತಿರುಗಿಸಿ ಪಾಸಾಗುತ್ತಾನೆ. ಶಾಲೆಯ ಮುಂದೆ, ಸಂತೆಯ ನಡುವೆ ಓಡುವ ಗಾಡಿಯ ವಿಷ ಕಮ್ಮಿಯಾಯಿತೆಂದು ಕಾಗದ ಹೇಳುತ್ತದೆ. ಆ ಗಾಡಿಯ ಹಿಂದೆ ನಡೆದುಹೋಗುವ ಮಕ್ಕಳ ಶ್ವಾಸಕೋಶಕ್ಕೆ ಆ ಕಾಗದ ಉಪಯೋಗಕ್ಕೆ ಬರುವುದಿಲ್ಲ.

‘ನಮ್ಮ ಡೀಸೆಲ್ಲು ಸರಿಯಿಲ್ಲ, ಪುಸ್ತಕದ ಡಿಗ್ರಿ ಇಲ್ಲಿಗೆ ಒಗ್ಗಲ್ಲ’ ಎಂಬುದು ಇನ್ನೊಂದು ವಾದ. ಸೀಮೆಎಣ್ಣೆ ಬೆರೆಸುತ್ತಿದ್ದ ಕಾಲದಲ್ಲಿ ಇದಕ್ಕೆ ಸ್ವಲ್ಪ ಆಧಾರವಿತ್ತು. ಸುಲಭವಾಗಿ ಹೊತ್ತದ ಇಂಧನಕ್ಕೆ ಹೊತ್ತಲು ಹೆಚ್ಚು ಕಾಲ ಬೇಕು, ಅದಕ್ಕೆ ಮುಂಚೆ ಚಿಮ್ಮಿಸಬೇಕು ಎಂಬುದು ತರ್ಕ. ಆದರೆ ಕಾಲ ಉಲ್ಟಾ ತಿರುಗಿದೆ. ಡೀಸೆಲ್ ಎಷ್ಟು ಬೇಗ ಹೊತ್ತುತ್ತದೆ ಎಂಬುದರ ಅಳತೆ ಸೀಟೇನ್ ಸಂಖ್ಯೆ. ಭಾರತ್ ಸ್ಟೇಜ್ ಮಾನದಂಡದ ಬಿಎಸ್-2 ಡೀಸೆಲ್ಲಿಗೆ ಅದು ಕನಿಷ್ಠ 48 ಇರಬೇಕಿತ್ತು, ಬಿಎಸ್-3ರಿಂದೀಚೆಗೆ ಕನಿಷ್ಠ 51. 2020ರ ಏಪ್ರಿಲ್‌ನಿಂದ ಊರೂರಿನ ಬಂಕಿನಲ್ಲೂ ಬಿಎಸ್-6 ಡೀಸೆಲ್ಲೇ. ಅಂದರೆ ಇಪ್ಪತ್ತು ವರ್ಷದ ಹಿಂದಿನ ಎಂಜಿನ್ನಿಗೆ ಇಂದು ನಾವು ಹಾಕುತ್ತಿರುವುದು ಅದನ್ನು ರೂಪಿಸಿದವರ ಲೆಕ್ಕಕ್ಕಿಂತ ಬೇಗ ಹೊತ್ತುವ ಡೀಸೆಲ್. ಇಂಧನದ ನೆಪದಲ್ಲಿ ಟೈಮಿಂಗ್ ಸರಿಸಲೇಬೇಕೆಂದರೆ ಅದು ಹಿಂದಕ್ಕೆ ಸರಿಯಬೇಕೇ ಹೊರತು ಮುಂದಕ್ಕಲ್ಲ.

ಕಿವಿಯ ಪರವಾಗಿ ಹೇಳಬಹುದಾದ ಗಟ್ಟಿ ಮಾತು ಒಂದೇ ಇದೆ, ಅದನ್ನು ಹೇಳುವವರು ಅನುಭವಿಗಳು: ಹಳೆಯ ಎಂಜಿನ್ನಿನ ಮಾರ್ಕನ್ನೇ ನಂಬಲಾಗದು. ನಿಜ. ಅನೇಕ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಪುಲ್ಲಿ ಎರಡು ತುಂಡಿನದು, ಒಳಗಿನ ಗುಂಬಕ್ಕೂ ಹೊರಗಿನ ಉಂಗುರಕ್ಕೂ ನಡುವೆ ರಬ್ಬರ್. ವರ್ಷಗಟ್ಟಲೆ ಕಾದು ಆಯಿಲ್ ಕುಡಿದ ರಬ್ಬರ್ ಜಾರಿದರೆ ಉಂಗುರದ ಮೇಲಿನ ಗೆರೆಯೂ ಅದರ ಜೊತೆ ಜಾರುತ್ತದೆ. ಪಂಪಿನ ಗೇರು ಸವೆದು ಆಟ ಬಂದಿರುತ್ತದೆ. ಯಾರೋ ಹಿಂದಿನ ಮೇಸ್ತ್ರಿ ತಪ್ಪು ಪುಲ್ಲಿ ಹಾಕಿರಲೂಬಹುದು. ಆದರೆ ಇದರಿಂದ ಬರುವ ತೀರ್ಮಾನ ಕಿವಿಯನ್ನು ನಂಬು ಎಂದಲ್ಲ, ಮಾರ್ಕನ್ನು ಮೊದಲು ಪರೀಕ್ಷಿಸು ಎಂದು. ನಿಜವಾದ ಟಿಡಿಸಿಯನ್ನು ಹುಡುಕುವುದು ಕಷ್ಟವೇನಲ್ಲ. ನಾಜಲ್ ಅಥವಾ ಗ್ಲೋ ಪ್ಲಗ್ ಕಿಂಡಿಯಿಂದ ಪಿಸ್ಟನ್ನಿನ ದಾರಿಗೆ ಒಂದು ತಡೆ ಇಳಿಸಿ, ಎಂಜಿನ್ನನ್ನು ಕೈಯಲ್ಲಿ ನಿಧಾನವಾಗಿ ಒಂದು ಕಡೆಯಿಂದ ತಿರುಗಿಸಿ ತಾಕಿದ ಜಾಗಕ್ಕೆ ಗುರುತು ಹಾಕಿ, ಮತ್ತೊಂದು ಕಡೆಯಿಂದ ತಿರುಗಿಸಿ ತಾಕಿದ ಜಾಗಕ್ಕೂ ಗುರುತು ಹಾಕಿದರೆ, ಎರಡರ ನಡು ಮಧ್ಯವೇ ಟಿಡಿಸಿ. ಹಳೆಯ ಗೆರೆ ಅಲ್ಲಿಗೆ ಬಂತೋ ಸರಿ, ಬರದಿದ್ದರೆ ಹೊಸ ಗೆರೆ ಹೊಡೆಯಿರಿ. ಅರ್ಧ ಗಂಟೆಯ ಕೆಲಸ.

ಆ ಮೇಲಿನದ್ದೂ ಗುಟ್ಟಿನ ವಿದ್ಯೆಯಲ್ಲ. ಲಾರಿಯ ಇನ್‌ಲೈನ್ ಪಂಪಿಗೆ ಸ್ಪಿಲ್ ಟೈಮಿಂಗ್. ಒಂದನೇ ಸಿಲಿಂಡರಿನ ಡೆಲಿವರಿ ವಾಲ್ವ್ ತೆಗೆದು ಅಲ್ಲಿ ಬಾಗಿದ ಸಣ್ಣ ಪೈಪು ಕೂರಿಸಿ, ಪಂಪಿಗೆ ಡೀಸೆಲ್ ಬಿಟ್ಟು, ಕಂಪ್ರೆಷನ್ ಸ್ಟ್ರೋಕಿನಲ್ಲಿ ಎಂಜಿನ್ನನ್ನು ಅದು ಓಡುವ ದಿಕ್ಕಿಗೇ ತಿರುಗಿಸುತ್ತ ಬರಬೇಕು. ಧಾರೆಯಾಗಿ ಸುರಿಯುತ್ತಿದ್ದ ಡೀಸೆಲ್ ಹನಿಯಾಗಿ, ಹನಿಯೂ ನಿಲ್ಲುವ ಕ್ಷಣದಲ್ಲಿ ಪ್ಲಂಜರ್ ತನ್ನ ಕಿಂಡಿ ಮುಚ್ಚಿತು ಎಂದರ್ಥ. ಆಗ ಫ್ಲೈವೀಲಿನ ಮೇಲೆ ಯಾವ ಡಿಗ್ರಿ ಇದೆಯೋ ಅದೇ ಟೈಮಿಂಗ್. ದಾಟಿಹೋದರೆ ಅಲ್ಲಿಂದಲೇ ಹಿಂದಕ್ಕೆ ಎಳೆಯಬಾರದು. ಪೂರ್ತಿ ಹಿಂದೆ ಹೋಗಿ ಮತ್ತೆ ಅದೇ ದಿಕ್ಕಿನಲ್ಲಿ ಬರಬೇಕು, ಇಲ್ಲದಿದ್ದರೆ ಗೇರಿನ ಆಟವೇ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಸವೆದ ಗೇರಿನ ತೊಂದರೆಗೂ ಇದೇ ಉತ್ತರ. ವಿಇ ರೋಟರಿ ಪಂಪಿಗೆ ಡಯಲ್ ಗೇಜ್. ಪಂಪಿನ ತಲೆಯ ನಡುವಿನ ಸ್ಕ್ರೂ ಬಿಚ್ಚಿ, ಅಲ್ಲಿ ಗೇಜಿನ ಕಡ್ಡಿ ಇಳಿಸಿ, ಪ್ಲಂಜರ್ ಕೆಳಗಿದ್ದಾಗ ಮುಳ್ಳನ್ನು ಸೊನ್ನೆಗೆ ತಂದು, ಕಂಪನಿ ಹೇಳಿದ ಕ್ರ್ಯಾಂಕ್ ಗುರುತಿನ ತನಕ ತಿರುಗಿಸಿದಾಗ ಅದು ಎಷ್ಟು ಮೇಲೆದ್ದಿತು ಎಂದು ಓದುವುದು. ಆ ಎತ್ತರ ಎಷ್ಟಿರಬೇಕು ಎಂದು ಆಯಾ ಎಂಜಿನ್ನಿನ ಪುಸ್ತಕ ಮಿಲಿಮೀಟರಿನ ನೂರರಲ್ಲೊಂದು ಪಾಲಿನ ತನಕ ಹೇಳುತ್ತದೆ. ಇದೆಲ್ಲಕ್ಕೂ ಮೊದಲು ಟ್ಯಾಪೆಟ್, ನಾಜಲ್, ಏರ್ ಫಿಲ್ಟರ್, ಟರ್ಬೊದಿಂದ ಬರುವ ಹೋಸಿನಲ್ಲಿ ಸೋರಿಕೆ ನೋಡಬೇಕು. ಎಳೆಯದ ಗಾಡಿಯಲ್ಲಿ ಬಹಳ ಸಲ ಕಾರಣ ಸಿಗುವುದು ಅಲ್ಲೇ, ಟೈಮಿಂಗನ್ನು ಮುಟ್ಟುವ ಮುಂಚೆಯೇ.

ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದ ನಮ್ಮ ಹುಡುಗರಿಗೆ ಈ ಕೆಲಸ ಹೊಸದಲ್ಲ, ಪಂಪಿನ ಟೈಮಿಂಗ್ ಅವರ ಪಾಠದಲ್ಲೇ ಇದೆ. ಗ್ಯಾರೇಜಿಗೆ ಸೇರಿದ ಮೇಲೆ ಅವರು ಅದನ್ನು ಬಾಯಿಬಿಟ್ಟು ಹೇಳಲಾಗದ ವಾತಾವರಣ ಮಾಡಿದವರು ನಾವು. ‘ಪುಸ್ತಕ ಮುಚ್ಚಿ ಸ್ಪ್ಯಾನರ್ ಹಿಡಿ’ ಎಂದು ಗದರಿಸಿದಾಗ ಹುಡುಗ ಕೈಬಿಡುವುದು ಗಾಡಿಯ ಆಯುಷ್ಯ ಉಳಿಸುತ್ತಿದ್ದ ವಿದ್ಯೆಯನ್ನೇ. ಮೇಸ್ತ್ರಿಯ ಕೈಯ ಜಾಣ್ಮೆಯನ್ನು ನಾನು ಕಡೆಗಣಿಸುತ್ತಿಲ್ಲ. ತುಕ್ಕು ಹಿಡಿದ ಬೋಲ್ಟನ್ನು ಮುರಿಯದೆ ಬಿಚ್ಚುವ, ಬೇರಿಂಗಿನ ಅಳಲನ್ನು ದೂರದಿಂದ ಗುರುತಿಸುವ ಕಿವಿ ಮತ್ತು ಕೈಗಳು ಯಾವ ಗೇಜಿನಿಂದಲೂ ಬರುವುದಿಲ್ಲ. ಆ ಜಾಣ್ಮೆಯನ್ನು ಅದಕ್ಕೆ ಸಲ್ಲದ ಜಾಗದಲ್ಲಿ ಸಾಕ್ಷಿಗೆ ನಿಲ್ಲಿಸುವುದು ಆ ಮೇಸ್ತ್ರಿಗೇ ಮಾಡುವ ಅನ್ಯಾಯ. ಡಯಲ್ ಗೇಜಿನ ಬೆಲೆ ಒಂದು ಹೆಡ್ ಗ್ಯಾಸ್ಕೆಟ್ ಕೆಲಸದ ಕೂಲಿಗಿಂತ ಕಡಿಮೆ.

ಮಾಲೀಕರ ಹೊಣೆ ಇನ್ನೂ ದೊಡ್ಡದು. ‘ಬೇಗ ಮುಗಿಸ್ಕೊಡಪ್ಪ, ನಾಳೆ ಲೋಡೈತೆ’ ಎಂದು ತಲೆಯ ಮೇಲೆ ನಿಂತರೆ ಯಾವ ಮೇಸ್ತ್ರಿಯೂ ಅರ್ಧ ಗಂಟೆ ಟಿಡಿಸಿ ಹುಡುಕುತ್ತ ಕೂರುವುದಿಲ್ಲ. ಪಂಪನ್ನು ಕ್ಯಾಲಿಬ್ರೇಷನ್ ಅಂಗಡಿಗೆ ಕಳಿಸಿ, ಅಲ್ಲಿ ಟೆಸ್ಟ್ ಬೆಂಚಿನ ಮೇಲೆ ಅಷ್ಟು ಜಾಗ್ರತೆಯಿಂದ ಸರಿಮಾಡಿಸಿ, ಸೀಲ್ ಹಾಕಿಸಿ ತಂದ ಮೇಲೆ ಎಂಜಿನ್ನಿಗೆ ಅಂದಾಜಿನಲ್ಲಿ ಬಿಗಿಸುವುದು ಕೊಟ್ಟ ದುಡ್ಡನ್ನೇ ಚರಂಡಿಗೆ ಸುರಿದಂತೆ. ಮಾಲೀಕರು ಇಷ್ಟು ಕೇಳಿ ಪಡೆಯಬಹುದು: ಗಾಡಿಯ ಎಂಜಿನ್ ನಂಬರಿಗೆ ಕಂಪನಿ ಹೇಳಿದ ಬೇಸ್ ಟೈಮಿಂಗ್ ಎಷ್ಟು, ಪಂಪು ಬಿಚ್ಚುವ ಮೊದಲು ಎಷ್ಟಿತ್ತು, ಕೂರಿಸಿದ ಮೇಲೆ ಅಳೆದದ್ದು ಎಷ್ಟು. ಮೂರು ಅಂಕಿಯೂ ಬಿಲ್ಲಿನ ಮೇಲೆ ತಾರೀಕಿನ ಜೊತೆ ಬರೆದಿರಲಿ, ಒಂದು ಪ್ರತಿ ಗಾಡಿಯ ಕಾಗದಗಳ ಜೊತೆ ಇರಲಿ. ಮುಂದಿನ ಸಲ ಬೇರೊಂದು ಗ್ಯಾರೇಜಿನಲ್ಲಿ ಯಾರಾದರೂ ‘ಒಂಚೂರು ಅಡ್ವಾನ್ಸ್ ಇಡಾನ’ ಎಂದಾಗ, ಎಷ್ಟರಿಂದ ಎಷ್ಟಕ್ಕೆ ಎಂದು ಅದೇ ಬಿಲ್ಲನ್ನು ಮುಂದೆ ಹಿಡಿದು ಕೇಳಲಿ.